ಗುಲಾಬಿ ನೊರೆ

ಮೊದಲನೆಯ ಕಲ್ಲು ಮುಂದಿನ ಗಾಜಿಗೇ ಬಿತ್ತು.

ಗಾಜು ಉದುರಲಿಲ್ಲ. ಜೇಡರ ಬಲೆಯ ಹಾಗೆ ಬಿರಿಯಿತು. ಆ ಬಲೆಯ ಸಂದಿಯಿಂದಲೇ ದಾರಿ ನೋಡಿಕೊಂಡು ಗೇರ್ ಬದಲಿಸಿದೆ.

ದಾರಿ ಎಂದೆನಲ್ಲ, ದಾರಿಯಲ್ಲ ಅದು. ಲಾಮಾಗಳು ಮೇಯಲು ಹೋಗಿ ಬಂದು ಸವೆಸಿದ ಗೆರೆ. ಎರಡು ಕಡೆಯೂ ಮುಳ್ಳು ಹುಲ್ಲು. ನಡುವೆ ನನ್ನ ಹಳೇ ವ್ಯಾನು. ಬೆನ್ನ ಹಿಂದೆ ಮೋಟಾರುಬೈಕುಗಳು...

ಎರಡನೆಯ ಕಲ್ಲು ತಗಡಿಗೆ ಬಿತ್ತು. ಕವಣೆ ಕಲ್ಲು. ಹಾರುವಾಗ ಸದ್ದಿಲ್ಲ, ಬಿದ್ದ ಮೇಲೆಯೇ ಗೊತ್ತಾಗುವುದು. ಇದೇ ಬಯಲಿನಲ್ಲಿ ಇಂಥದೇ ಕವಣೆ ಬೀಸಿ ನರಿ ಓಡಿಸಿ ಬೆಳೆದವಳು ನಾನು. ಗುರಿ ತಪ್ಪುವ ಊರಲ್ಲ ನಮ್ಮದು. ಕಲ್ಲು ಇನ್ನೂ ನನ್ನ ತಲೆಗೆ ಬಿದ್ದಿಲ್ಲ ಎಂದರೆ, ಹೊಡೆಯುವವರು ಇನ್ನೂ ಹಾಗೆ ಮನಸ್ಸು ಮಾಡಿಲ್ಲ ಎಂದಷ್ಟೇ ಅರ್ಥ.

ಕಲ್ಲಿಗೆ ನಾನು ಹೆದರಲಿಲ್ಲ. ಹೆದರಿಸಿದ್ದು ಹಿಂದಿನ ಸೀಟಿನ ಸದ್ದು.

ಹುಡುಗಿಯ ಉಸಿರು. ತಳದಲ್ಲಿ ತುಸು ನೀರುಳಿದ ಸೋರೆಬುರುಡೆಯನ್ನು ಯಾರೋ ಅಲ್ಲಾಡಿಸಿದ ಹಾಗೆ... ಗುಳು... ಗುಳು...

"ಚಿಕ್ಕಮ್ಮ, ಇನ್ನೂ ಜೋರಾಗಿ ಹೋಗಕ್ಕಾಗಲ್ವಾ?" ಎಂದ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಲೌತಾರೊ.

"ಹೋಗಬಹುದು. ಹಳ್ಳಕ್ಕೆ."

ಅವನು ಅವಳ ತಲೆಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

ಹೊಳೆ ದಾಟುವ ಜಾಗ ಒಂದೇ. ಅದು ನನಗೆ ಗೊತ್ತಿದ್ದ ಹಾಗೆ ಅವರಿಗೂ ಗೊತ್ತಿತ್ತು. ಬೈಕಿನವರು ಹಿಂದಿನಿಂದ ಅಟ್ಟಿದ್ದು ಹಿಡಿಯುವುದಕ್ಕಲ್ಲ, ಇಲ್ಲಿಗೆ ತರುವುದಕ್ಕೆ... ಕುರಿ ಕಾಯುವವರ ಉಪಾಯ! ಹೊಳೆಯ ಆಚೆ ದಡದಲ್ಲಿ ಹೆಂಗಸರು ಸಾಲಾಗಿ ಕುಳಿತಿದ್ದರು. ಗುಂಡು ಟೋಪಿ, ದಪ್ಪ ಲಂಗ, ಕೈಯಲ್ಲಿ ಉಣ್ಣೆ ನೂಲುವ ಕದಿರು. ನೀರಿನ ನಡುವೆ ಬಂಡೆಗಳು.

ಬ್ರೇಕ್ ತುಳಿದೆ.

ಯಾರೂ ಕೂಗಾಡಲಿಲ್ಲ. ಒಬ್ಬ ಬಂದು ಬೀಗದ ಕೈ ಕಿತ್ತುಕೊಂಡ. ಇನ್ನೊಬ್ಬ ಟೈರುಗಳ ವಾಲ್ವು ಕಿತ್ತು ಹುಲ್ಲಿನೊಳಗೆ ಎಸೆದ. ಗಾಳಿ ಬುಸ್ಸೆಂದು ಹೋಯಿತು. ಮೊದಲೇ ಗಾಳಿ ಕಡಿಮೆಯಿರುವ ನಾಡು. ಇದ್ದದ್ದೂ ಹೋಯಿತು!

ನನ್ನ ಹೆಸರು ನಿಕೊಲಾಸಾ. ಬೆಟ್ಟದ ಮೇಲಿನ ಒರುರೊ ಪಟ್ಟಣದಿಂದ ಕೊಚಬಾಂಬಾ ಕಣಿವೆಗೆ ಇಳಿಯುವ ಈ ರಸ್ತೆಯೇ ನನ್ನ ಹೊಟ್ಟೆಪಾಡು. ರಸ್ತೆ ತೆರೆದಿದ್ದರೆ ನನ್ನನ್ನು ಯಾರೂ ಮೂಸುವುದಿಲ್ಲ, ಬಸ್ಸುಗಳಿವೆ. ಬಂದ್ ಆದಾಗ ನಾನು ಬೇಕು. ಯಾವ ಊರು ಎಲ್ಲಿ ಕಲ್ಲು ಪೇರಿಸಿದೆ, ಯಾವ ಯಜಮಾನ ಬಿಯರಿಗೆ ಬಗ್ಗುತ್ತಾನೆ, ಯಾವನು ಬೈಗುಳಕ್ಕೆ, ಯಾವ ಹೊಳೆ ಒಣಗಿದೆ ಎಂಬುದೆಲ್ಲ ನಾಲಿಗೆಯ ತುದಿಯಲ್ಲಿದೆ. ಈ ಕೆಲಸದಲ್ಲಿ ಮೂಗು ಮುರಿದಿದೆ, ಪಕ್ಕೆಲುಬು ಮುರಿದಿದೆ, ಗಂಡನೊಬ್ಬ ಮುರಿದುಕೊಂಡು ಹೋಗಿದ್ದಾನೆ. ಕರೆದುಕೊಂಡು ಹೊರಟವರನ್ನು ಮಾತ್ರ ಎಂದೂ ನಡುವೆ ಬಿಟ್ಟವಳಲ್ಲ.

ತಡೆ ದಾಟಿಸುತ್ತೀಯಾ ಎಂದು ನೀವು ಕೇಳಿದಿರಿ. ಅದಕ್ಕೇ ಇದನ್ನೆಲ್ಲ ಹೇಳುತ್ತಿದ್ದೇನೆ.

ಅವರೂ ನಿಮ್ಮ ಹಾಗೆಯೇ ಬೆನ್ನಿಗೆ ಚೀಲ ಹೊತ್ತು ಬಂದವರು. ಅರ್ಜೆಂಟೀನಾದ ರೊಸಾರಿಯೊದವರು, ದೊಡ್ಡ ನದಿಯ ದಡದ, ತಗ್ಗಿನ ಊರು. ಬ್ರೆಂಡಾ, ಲೌತಾರೊ, ನಾಹುಯೆಲ್. ಶಾಲೆಯಿಂದಲೂ ಗೆಳೆಯರು. ಕೈಯಲ್ಲಿ ಕಾಸು ಕಡಿಮೆ, ಕಣ್ಣಲ್ಲಿ ಊರು ಹೆಚ್ಚು. ಒಂದು ತಟ್ಟೆ ಸೂಪನ್ನು ಮೂವರು ಹಂಚಿಕೊಳ್ಳುತ್ತ, ಸಿಗ್ನಲ್ ಕಂಬದ ಕೆಳಗೆ ಚೆಂಡು ಹಾರಿಸಿ ತೋರಿಸಿ ಚಿಲ್ಲರೆ ಕೂಡಿಸುತ್ತ, ಕೊರ್ದೊಬಾ, ಸಾಲ್ಟಾ, ಪೊತೊಸಿ ಎಂದು ಊರಿಂದ ಊರಿಗೆ ಹತ್ತಿಕೊಂಡು ಬಂದಿದ್ದರು. ಬಸ್ಸಿನಲ್ಲೇ ಮಲಗಿದರೆ ಕೋಣೆಯ ಬಾಡಿಗೆ ಉಳಿಯುತ್ತದಲ್ಲ! ಉಳಿಯಿತು. ಬೆಟ್ಟ ಹತ್ತುವಾಗ ನಡುನಡುವೆ ನಿಂತು ಮೈಗೆ ಬಿಡುವು ಕೊಡಬೇಕು ಎನ್ನುವುದು ಮಾತ್ರ ಆ ಉಳಿತಾಯದಲ್ಲಿ ಮರೆತುಹೋಗಿತ್ತು.

ಆ ಬೆಳಿಗ್ಗೆ ನನ್ನ ಕಣ್ಣಿಗೆ ಬಿದ್ದಾಗ ಅವರು ಸಾಲುಗಟ್ಟಿ ನಿಂತ ಬಸ್ಸುಗಳ ನೆರಳಿನಲ್ಲಿ ಕುಳಿತಿದ್ದರು. ಹುಡುಗಿಯ ತುಟಿ ನೀಲಿ. ಕೆಮ್ಮಿದರೆ ಗುಲಾಬಿ ಬಣ್ಣದ ನೊರೆ.

ಆ ನೊರೆ ನನಗೆ ಗೊತ್ತು. ತಗ್ಗಿನ ಊರಿನವರಿಗೆ ನಮ್ಮ ಎತ್ತರ ಕೊಡುವ ಕಾಯಿಲೆ. ಎದೆಯೊಳಗೆ ನೀರು ತುಂಬುತ್ತದೆ. ಕೋಕಾ ಎಲೆಯ ಕಷಾಯಕ್ಕೆ ಬಗ್ಗುವುದಿಲ್ಲ, ಮಂತ್ರಕ್ಕೂ ಬಗ್ಗುವುದಿಲ್ಲ. ರೋಗಿಯನ್ನು ಕೆಳಗೆ ಇಳಿಸಬೇಕು, ಬೇಗ ಇಳಿಸಬೇಕು. ಇಳಿಸಿದರೆ ಬದುಕುತ್ತಾರೆ.

ಹಿಂದಕ್ಕೆ ಹೋದರೆ ಒರುರೊ. ಅಲ್ಲಿ ಆಸ್ಪತ್ರೆಯಿತ್ತು, ಆದರೆ ನಡುವೆ ತೋಲಾಪಂಪದವರ ತಡೆ. ಮುಂದೆ ವಿಲಾಕೊಟ ಊರಿನವರ ತಡೆ, ಆಮೇಲೆ ಒಂದು ಕಣಿವೆದಾರಿಯ ನೆತ್ತಿ, ಅಲ್ಲಿಂದಾಚೆ ಬರೀ ಇಳಿಜಾರು. ವಿಲಾಕೊಟ ನಾನು ಹುಟ್ಟಿದ ಊರು. ಈ ವರ್ಷದ ಯಜಮಾನಿಕೆ ನನ್ನ ತಮ್ಮ ಸೆವೆರೊನದು.

ನಮ್ಮ ಬಂದ್‌ಗೂ ಒಂದು ಧರ್ಮವಿದೆ. ರೋಗಿ, ಬಸುರಿ, ಹೆಣ, ಈ ಮೂರು ಬಂದರೆ ಕಲ್ಲು ಸರಿಸಲೇಬೇಕು. ಮಂತ್ರಿ ಬಂದರೂ ಸರಿಸದವರು ಇದಕ್ಕೆ ಸರಿಸುತ್ತಾರೆ. ಹಾಗಾಗಿ ಇದು ಸಲೀಸಾದ ಕೆಲಸ ಎಂದುಕೊಂಡು, ಹುಡುಗಿಯನ್ನು ಹತ್ತಿಸಿ, ನೇರ ವಿಲಾಕೊಟದ ತಡೆಗೇ ಹೋಗೋಣ ಎಂದೆ.

ಹುಡುಗರಿಬ್ಬರೂ ಮುಖ ಮುಖ ನೋಡಿಕೊಂಡರು.

ಆಮೇಲೆ ನಾಹುಯೆಲ್ ಫೋನು ತೆಗೆದು ಒಂದು ವಿಡಿಯೊ ತೋರಿಸಿದ.

ಹಿಂದಿನ ದಿನ ತೋಲಾಪಂಪದ ತಡೆ ದಾಟಲು ಅವರು ನಾಟಕ ಆಡಿದ್ದರು. ಆ ಮೂರರ ಧರ್ಮವನ್ನು ಯಾರೋ ಅವರ ಕಿವಿಗೆ ಹಾಕಿದ್ದರು. ಒರುರೊ ಸಂತೆಯಲ್ಲಿ ಐರಾಂಪು ಸಿಗುತ್ತದೆ, ನಮ್ಮ ಕಡೆಯ ಕಳ್ಳಿಗಿಡದ ಬೀಜ. ಶರಬತ್ತಿಗೆ ಬಣ್ಣ ಬರಲೆಂದು ಹಾಕುತ್ತೇವೆ. ಬ್ರೆಂಡಾ ಅದನ್ನು ದವಡೆಯಲ್ಲಿಟ್ಟುಕೊಂಡು ಅಗಿದು, ಕೆಂಪಗೆ ಉಗುಳುತ್ತ ರಸ್ತೆಗೆ ಬಿದ್ದಿದ್ದಳು. ನಾಹುಯೆಲ್ ಅಣ್ಣನಾಗಿ ಅತ್ತಿದ್ದ. ತಡೆ ಕಾಯುತ್ತಿದ್ದ ಇಲಾರಿಯಾ ಎಂಬ ಮುದುಕಿ ಓಡಿಬಂದು ತಾನು ಹೊದ್ದ ಕಂಬಳಿ ಹೊದಿಸಿ, ಹುಡುಗಿಯ ಪಾದ ತಿಕ್ಕಿ, ಗೋಳೋ ಎಂದು ಅತ್ತಿದ್ದಳು. ಊರೇ ಸೇರಿ ಕಲ್ಲು ಸರಿಸಿತ್ತು.

ವಿಡಿಯೊದ ಉಳಿದ ಭಾಗ ತಡೆಯ ಈಚೆಯದು. ಬ್ರೆಂಡಾ ನಾಲಿಗೆ ಚಾಚಿ ಬೀಜ ತೋರಿಸುತ್ತಾಳೆ. ಕುಣಿಯುತ್ತಾಳೆ. ಕಂಬಳಿಯನ್ನು ತಲೆಗೆ ಹೊದ್ದು, ಬೆನ್ನು ಬಗ್ಗಿಸಿ, ಮುದುಕಿ ಅತ್ತ ಹಾಗೆಯೇ ಅಳುತ್ತಾಳೆ. ಮೂವರೂ ಬಿದ್ದು ಬಿದ್ದು ನಗುತ್ತಾರೆ.

ಗೆಳೆಯರಿಗೆ ಕಳಿಸಿದ್ದರಂತೆ. ಗೆಳೆಯರಿಗೆ ಕಳಿಸಿದ್ದು ಗೆಳೆಯರಲ್ಲೇ ಉಳಿಯುವುದುಂಟೇ! ಸೂರ್ಯ ಹುಟ್ಟುವಷ್ಟರಲ್ಲಿ ರಸ್ತೆಯುದ್ದಕ್ಕೂ ಇರುವ ಊರುಗಳ ಫೋನುಗಳಲ್ಲೆಲ್ಲ ಅದು ಕುಣಿಯುತ್ತಿತ್ತು.

ಕೈ ಎತ್ತಿದೆ. ಇಳಿಸಿದೆ. ಹೊಡೆದರೆ ಹುಡುಗಿಗೆ ಉಸಿರು ಬರುತ್ತದೆಯೇ?

ಅದಕ್ಕೇ ಲಾಮಾ ದಾರಿ ಹಿಡಿದದ್ದು. ಅದಕ್ಕೇ ಕವಣೆ ಕಲ್ಲು. ಅದಕ್ಕೇ ಈ ಹೊಳೆಯ ದಂಡೆ.

ಹುಡುಗಿಯನ್ನು ಎತ್ತಿ ಟಾರು ರಸ್ತೆಯ ತಡೆಯ ಬಳಿಗೆ ತಂದು ಮಲಗಿಸಿದರು. ಮನೆಗೊಬ್ಬರಂತೆ ಇಡೀ ಊರು ಅಲ್ಲಿತ್ತು. ಹೆಂಗಸರು ನೆಲದಲ್ಲಿ, ಗಂಡಸರು ನಿಂತು. ನಡುವೆ ಹಾಸಿದ ಬಟ್ಟೆಯ ಮೇಲೆ ಕೋಕಾ ಎಲೆಯ ರಾಶಿ. ಗಣಿಯ ಹೊಲಸು ನೀರು ಹೊಳೆಗೆ ಇಳಿದು ಲಾಮಾ ಮರಿಗಳು ಸೊಟ್ಟ ಕಾಲಲ್ಲಿ ಹುಟ್ಟಿದ ವರ್ಷ ಅದು. ಬಂದ್ ಅದಕ್ಕಾಗಿಯೇ. ಕೋಪಕ್ಕೆ ಕಾರಣ ಇರಲಿಲ್ಲ ಎಂದು ನಾನು ಹೇಳಲಾರೆ.

ನಮ್ಮಲ್ಲಿ ಯಜಮಾನಿಕೆಯನ್ನು ಗಂಡ ಹೆಂಡತಿ ಜೋಡಿಯಾಗಿ ಹೊರಬೇಕು. ಸೆವೆರೊನ ಎದೆಯ ಮೇಲೂ ಅಡ್ಡಕ್ಕೆ ಯಜಮಾನಿಕೆಯ ಗುರುತಾದ ಚಾಟಿ, ಅವನ ಹೆಂಡತಿ ಅಸುಂತಾಳ ಎದೆಯ ಮೇಲೂ ಚಾಟಿ.

"ಅಕ್ಕ, ಮುಂಬಾಗಿಲಲ್ಲಿ ನಾನಿರಲಿಲ್ವಾ? ಹಿತ್ತಿಲಿಂದ ಯಾಕೆ ಬಂದೆ?" ಎಂದ ಸೆವೆರೊ.

ಮುಂಬಾಗಿಲಿಗೆ ಬಂದಿದ್ದರೆ ಒಂದು ಅನುಮಾನ. ಹಿತ್ತಿಲಿಂದ ಬಂದು ಸಿಕ್ಕಿಬಿದ್ದದ್ದಕ್ಕೆ ಈಗ ಎರಡು.

ಹುಡುಗಿಯನ್ನು ನೋಡಿ ಎಂದೆ. ತುಟಿ ನೋಡಿ, ಉಗುರು ನೋಡಿ. ಅವರು ನೋಡಿದರು. ಅಷ್ಟರಲ್ಲಿ ಅವಳು ಕೆಮ್ಮಿದಳು. ಗುಲಾಬಿ ನೊರೆ ಗಲ್ಲಕ್ಕೆ ಇಳಿಯಿತು.

ಒಬ್ಬ ನಕ್ಕ. "ಐರಾಂಪು ಇನ್ನೂ ಖರ್ಚಾಗಿಲ್ಲ ನೋಡ್ರಪ್ಪ."

ನನ್ನ ಲಂಗದ ಅಂಚಿನಿಂದ ಅವಳ ಬಾಯಿ ಒರೆಸಿದೆ. ಎಲ್ಲರೆದುರು ದವಡೆಯೊಳಗೆ ಬೆರಳು ಹಾಕಿ ತಡಕಿದೆ. ಬೀಜವಿಲ್ಲ ಎಂದು ಬೆರಳು ಎತ್ತಿ ತೋರಿಸಿದೆ. ನುಂಗಿರುತ್ತಾಳೆ ಎಂದಳು ಒಬ್ಬಾಕೆ, ಕದಿರು ತಿರುಗಿಸುತ್ತಲೇ.

ನಾಹುಯೆಲ್ ಮಂಡಿಯೂರಿ ಅಳತೊಡಗಿದ. ನಿಜವಾದ ಅಳು. ಮೂಗು ಸೋರುತ್ತಿತ್ತು.

"ಅಲ್ಲಿ ಅತ್ತಿದ್ದೂ ಇವನೇ," ಎಂದಳು ಅದೇ ಹೆಂಗಸು. "ಅಲ್ಲಿ ಇದಕ್ಕಿಂತ ಚೆನ್ನಾಗಿ ಅತ್ತಿದ್ದ."

ಸುತ್ತಲೂ ನಗು. ನೋಡಿ, ಕೆಟ್ಟ ಜನರಲ್ಲ ಅವರು. ಹಿಂದಿನ ದಿನ ಇವರಂಥವರೇ ಅವಳ ಪಾದ ತಿಕ್ಕಿದ್ದು. ಒಂದು ಹುಡುಗಿ ಸಾಯುವಾಗ ಹೇಗೆ ಕಾಣಬೇಕೋ ಅದನ್ನೆಲ್ಲ ಅವರಿಗೆ ಆಗಲೇ ತೋರಿಸಿ ಮುಗಿಸಲಾಗಿತ್ತು. ಹೊಸದಾಗಿ ತೋರಿಸಲು ಅವಳ ಬಳಿ ಏನೂ ಉಳಿದಿರಲಿಲ್ಲ.

ನನ್ನ ಚೀಲದಲ್ಲಿದ್ದ ಉಪಾಯಗಳನ್ನೆಲ್ಲ ಒಂದೊಂದಾಗಿ ತೆಗೆದೆ. ಬೈದೆ. ಪೊಲೀಸರ ಹೆಸರು ಹೇಳಿ ಹೆದರಿಸಿದೆ. ಪರದೇಶದ ಹುಡುಗಿ ನಿಮ್ಮ ಕಲ್ಲಿನ ಪಕ್ಕದಲ್ಲಿ ಸತ್ತರೆ ಗಣಿಯವರಿಗೇ ಲಾಭ ಎಂದೆ. ನಮ್ಮವ್ವನ ಆಣೆ ಹಾಕಿದೆ. ಕೊನೆಗೆ ಸೆವೆರೊನನ್ನು ಪಕ್ಕಕ್ಕೆ ಎಳೆದುಕೊಂಡು ಹೋಗಿ, ತಮ್ಮಾ ಎಂದೆ.

ಅವನು ನೆಲ ನೋಡಿಕೊಂಡು ಹೇಳಿದ: "ನಾನು ನಂಬ್ತೀನಿ ಅಕ್ಕ. ನಾನೊಬ್ಬ ನಂಬಿ ಏನು ಮಾಡಲಿ? ಅಕ್ಕ ಅಂತ ಬಿಟ್ಟ ಅಂತಾರೆ. ನಾಳೆ ಒಬ್ಬರೂ ತಡೆ ಕಾಯಕ್ಕೆ ಬರಲ್ಲ. ಹೊಳೆ ಹೋಗುತ್ತೆ."

ಒಂದು ಕಡೆ ಹೊಳೆ. ಒಂದು ಕಡೆ ಹುಡುಗಿ. ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಈಗಲೂ ಕೇಳಬೇಡಿ.

ಆಗ ಅಸುಂತಾ ಎದ್ದು ನಿಂತಳು. ನಗು ನಿಂತಿತು.

"ಮೋಸ ಹೋದವಳು ತೋಲಾಪಂಪದ ಇಲಾರಿಯಾ ಅಜ್ಜಿ. ಅವಳ ಮಾತು ಮೊದಲು ಆಗಬೇಕು. ಅಲ್ಲಿವರೆಗೂ ನಮಗ್ಯಾರಿಗೂ ಬಾಯಿಲ್ಲ, ಅತ್ತಿಗೆ."

ಕಟ್ಟಳೆ ಅದು. ಅನ್ಯಾಯ ಆದವರು ಮಾತಾಡುವ ತನಕ ಸಭೆ ತೀರ್ಮಾನ ಹೇಳುವ ಹಾಗಿಲ್ಲ. ಮುದುಕಿಯ ಬಳಿ ಫೋನಿಲ್ಲ. ಒಂದು ಬೈಕು ತೋಲಾಪಂಪದ ಕಡೆಗೆ ಹೊರಟಿತು. ಬಯಲಿನ ಅಂಚಿನ ತನಕ ಅದರ ಧೂಳು ನೋಡಿದೆ. ಆಮೇಲೆ ನೋಡಲು ಏನೂ ಇರಲಿಲ್ಲ.

ಕಾದೆವು.

ಬಂದೂಕು ಎದೆಗಿಟ್ಟಾಗ ಏನು ಮಾಡಬೇಕೆಂದು ನನಗೆ ಗೊತ್ತು. ಚಾಕು ತೋರಿಸಿದರೆ ಗೊತ್ತು. ಸುಮ್ಮನೆ ಕುಳಿತು ಕೋಕಾ ಎಲೆ ಅಗಿಯುವ ಜನರೆದುರು ಏನು ಮಾಡುತ್ತೀರಿ? ನಾನೂ ಬೊಗಸೆಯೊಡ್ಡಿ ಎಲೆ ತೆಗೆದುಕೊಂಡು ಅಗಿದೆ. ಬಾಯಿ ಮರಗಟ್ಟಿತು. ಬಾಯಿ ಮಾತ್ರ.

ಬ್ರೆಂಡಾ ಒಮ್ಮೆ ಕಣ್ಣು ತೆರೆದಳು. ತನ್ನ ಮಾತು ಅವರು ಕೇಳುವುದಿಲ್ಲ, ನೀವಾದರೂ ಹೇಳಿ ಎಂದಳು. ಒಂದೊಂದು ಮಾತಿಗೂ ಒಂದೊಂದು ಉಸಿರು.

"ಈ ಸಲ... ಆಟ ಅಲ್ಲ ಅಂತ."

"ಹೇಳಿದೀನಿ ಮಗಳೇ."

"ನಂಬಿದ್ರಾ?"

"ಅಜ್ಜಿ ಬರ್ತಿದಾಳೆ."

ಅವಳಿಗೆ ಯಾವ ಅಜ್ಜಿ ಎಂದು ತಿಳಿಯಿತು. ಮುಖ ಆಚೆಗೆ ತಿರುಗಿಸಿಕೊಂಡಳು. ನಾಚಿಕೆಗೂ ಉಸಿರು ಬೇಕು. ಅದಕ್ಕೂ ಒಂದಿಷ್ಟು ಖರ್ಚು ಮಾಡಿದಳು.

ಬೈಕು ಬಂದಾಗ ನೆರಳುಗಳು ಉದ್ದವಾಗಿದ್ದವು. ಇಲಾರಿಯಾಳನ್ನು ಎತ್ತಿ ಇಳಿಸಬೇಕಾಯಿತು. ಕಡ್ಡಿಯಂಥ ಮುದುಕಿ. ಕಂಬಳಿ ಇರಲಿಲ್ಲ, ತೆಳು ಶಾಲೊಂದನ್ನು ಹೊದ್ದಿದ್ದಳು. ಜನ ಜಾಗ ಬಿಟ್ಟರು. ಅವಳು ನಿಧಾನವಾಗಿ ಬಂದು ಹುಡುಗಿಯ ಪಕ್ಕ ಕುಳಿತಳು. ಕೈ ಹಿಡಿದು ನೋಡಿದಳು. ಎದೆಯ ಮೇಲೆ ಕಿವಿಯಿಟ್ಟಳು. ಬಹಳ ಹೊತ್ತು ಹಾಗೆಯೇ ಇದ್ದಳು.

ನಾನು ಬದುಕಿನಲ್ಲಿ ಯಾರನ್ನೂ ಬೇಡಿದವಳಲ್ಲ. ಆಗ ಅವಳ ಬೆನ್ನು ನೋಡುತ್ತ ಬೇಡಿದೆ.

ಮುದುಕಿ ತಲೆಯೆತ್ತಿದಳು.

"ನನಗೆ ಗೊತ್ತಾಗಲ್ಲ," ಎಂದಳು.

ಹುಡುಗಿಯ ಕೈಯನ್ನು ಮತ್ತೊಮ್ಮೆ ಹಿಡಿದುಕೊಂಡಳು.

"ನಿನ್ನೇನೂ ಹಿಂಗೇ ಇದ್ಲು. ಕೈ ಹಿಂಗೇ ತಣ್ಣಗಿತ್ತು. ನಾನು ಆರು ಮಕ್ಕಳನ್ನ ಮಣ್ಣಿಗೆ ಕೊಟ್ಟೋಳು, ಸಾಯೋರು ನನಗೆ ಗೊತ್ತಾಗ್ತಾರೆ ಅಂತ ತಿಳ್ಕೊಂಡಿದ್ದೆ. ಇವಳು ಅದನ್ನೂ ಕೆಡಿಸಿಟ್ಲು."

ಮುಗಿಯಿತು ಎಂದುಕೊಂಡೆ. ನಾಹುಯೆಲ್ ಮುಖ ಮುಚ್ಚಿಕೊಂಡ.

ಮುದುಕಿ ತನ್ನ ಶಾಲು ತೆಗೆದು ಹುಡುಗಿಗೆ ಹೊದಿಸಿದಳು. ಅಂಚುಗಳನ್ನು ಮೈಯಡಿಗೆ ಸಿಕ್ಕಿಸಿದಳು, ಮಗುವಿಗೆ ಮಾಡುವ ಹಾಗೆ.

"ಬಿಡ್ರಪ್ಪ. ಸುಳ್ಳಾಗಿದ್ರೆ ಆ ಕಡೆ ಹೋಗಿ ಇನ್ನೊಂದ್ಸಲ ನನ್ನ ನೋಡಿ ನಗಲಿ. ಬದುಕಿದ್ರೆ ತಾನೇ ನಗೋದು."

ಅಸುಂತಾ ಸಭೆಯನ್ನು ನೋಡಿದಳು. ಸಭೆ ಎಲೆಯ ರಾಶಿಯನ್ನು ನೋಡಿತು. ಆಮೇಲೆ ಅವಳು ತೀರ್ಮಾನ ಹೇಳಿದಳು. ಹುಡುಗಿ ಹೋಗಲಿ. ನಿಕೊಲಾಸಾ ಜೊತೆಗೆ ಹೋಗಲಿ. ಗೆಳೆಯರಿಬ್ಬರೂ ಇಲ್ಲೇ ನಿಲ್ಲಬೇಕು. ಬಂದ್ ಮುಗಿಯುವ ತನಕ ಊರಿನವರ ಜೊತೆ ಕಲ್ಲು ಹೊರಬೇಕು.

ಲೌತಾರೊ ಎದ್ದು ನಿಂತು, ಎಲ್ಲಿಂದ ಹೊರಬೇಕು ಎಂದು ಕೇಳಿದ. ಅಷ್ಟೇ ಕೇಳಿದ.

ನನ್ನ ವ್ಯಾನಿಗೆ ಉಸಿರಿರಲಿಲ್ಲ. ಅದೇ ಹೆಂಗಸರು, ಕದಿರುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಂಬಳಿಯೊಂದರ ನಾಲ್ಕು ಮೂಲೆ ಹಿಡಿದು ಹುಡುಗಿಯನ್ನು ಕಲ್ಲಿನ ಗೋಡೆಯ ಮೇಲಿಂದ ದಾಟಿಸಿದರು. ಆಚೆ ಕಡೆ ಈರುಳ್ಳಿ ಹೊತ್ತು ಮೇಲೆ ಬಂದು ಸಿಕ್ಕಿಕೊಂಡಿದ್ದ ಲಾರಿಯೊಂದಿತ್ತು. ಚಾಲಕ ಲಾರಿ ತಿರುಗಿಸಿದ. ಈರುಳ್ಳಿ ಮೂಟೆಗಳ ಮೇಲೆ ಕುಳಿತು ಅವಳ ತಲೆಯನ್ನು ನನ್ನ ಎದೆಗಾನಿಸಿಕೊಂಡೆ.

ಇಳಿಯುವ ಮೊದಲು ಹತ್ತಬೇಕಿತ್ತು. ಅದನ್ನು ನಾನು ಅವಳಿಗೆ ಹೇಳಿರಲಿಲ್ಲ. ರಸ್ತೆ ನೆತ್ತಿಯ ಕಡೆಗೆ ಒಂದೊಂದು ತಿರುವು ತೆಗೆದುಕೊಂಡ ಹಾಗೆಲ್ಲ ಆ ಗುಳುಗುಳು ಸದ್ದು ತೆಳ್ಳಗಾಯಿತು. ವಾಸಿಯಾಗುತ್ತಿದೆ ಎಂದು ಒಂದು ಗಳಿಗೆ ನಂಬಿದೆ. ಎಷ್ಟು ಜನರನ್ನು ನೋಡಿದವಳು ನಾನು! ಆದರೂ ನಂಬಿದೆ.

ಇಳಿಜಾರು ಶುರುವಾಗಿ ಸ್ವಲ್ಪ ದೂರ ಹೋಗಿದ್ದೆವು. ಸದ್ದು ನಿಂತಿತು.

ಚಾಲಕನ ಕಿಟಕಿ ಬಡಿದೆ. ಅವನು ನಿಲ್ಲಿಸಿ, ಹತ್ತಿ ಬಂದು ನೋಡಿ, ಟೋಪಿ ತೆಗೆದ. ವಾಪಸು ಹೋಗೋಣವೇ ಎಂದ. ಇಳಿಸು ಎಂದೆ. ಕಣಿವೆಯ ತನಕ ಇಳಿಸಿದೆವು. ಕೆಳಗೆ ಮೆಣಸಿನಂಥ ಕಾಯಿ ಬಿಡುವ ಮರಗಳು, ದಪ್ಪನೆಯ ಬೆಚ್ಚಗಿನ ಗಾಳಿ, ಯಾರು ಬೇಕಾದರೂ ಎಷ್ಟು ಬೇಕಾದರೂ ಎಳೆದುಕೊಳ್ಳಬಹುದಾದ ಗಾಳಿ. ಊರಿನ ವೈದ್ಯೆ ಕಿವಿಗೆ ಕೊಳವೆ ಸಿಕ್ಕಿಸಿಕೊಂಡು, ಕೇಳಿ, ತೆಗೆದು ಮಡಚಿದಳು. ಸ್ವಲ್ಪ ಮುಂಚೆ ತಂದಿದ್ದರೆ ಎನ್ನುವ ಮಾತನ್ನು ಅವಳು ಆಡಲಿಲ್ಲ. ಅದಕ್ಕಾಗಿ ಅವಳಿಗೆ ನಾನು ಋಣಿ.

ಮರುದಿನ ಅದೇ ಲಾರಿಯಲ್ಲಿ ವಿಲಾಕೊಟಕ್ಕೆ ಮರಳಿದೆ.

ಹುಡುಗರಿಬ್ಬರೂ ಕಲ್ಲು ಹೊರುತ್ತಿದ್ದರು. ಯಾರೂ ಬಲವಂತ ಮಾಡುತ್ತಿರಲಿಲ್ಲ. ಊರಿನವರು ಬಿಸಿಲಿಗೆ ಕುಳಿತು ಬೇಯಿಸಿದ ಆಲೂಗಡ್ಡೆ ತಿನ್ನುತ್ತಿದ್ದರು, ಇವರಿಗೂ ಬಟ್ಟೆಯೊಂದರಲ್ಲಿ ತೆಗೆದಿಟ್ಟಿದ್ದರು, ಇವರು ಮುಟ್ಟಿರಲಿಲ್ಲ. ತಾವು ಹೊತ್ತ ಒಂದೊಂದು ಕಲ್ಲೂ ಅವಳಿಗೆ ಒಂದೊಂದು ಉಸಿರು ಎಂದುಕೊಂಡವರ ಹಾಗೆ ಹೊರುತ್ತಿದ್ದರು. ಗೋಡೆ ನನ್ನ ಎದೆಯೆತ್ತರ ಬೆಳೆದಿತ್ತು. ನಾಹುಯೆಲ್‌ನ ಅಂಗೈ ಒಡೆದು ಕಲ್ಲಿಗೆ ಕೆಂಪು ಹತ್ತಿತ್ತು.

ನನ್ನನ್ನು ಕಂಡು ನಿಂತ. ತೋಳುಗಳಲ್ಲಿ ಒಂದು ಕಲ್ಲು.

"ಚಿಕ್ಕಮ್ಮ, ಈಗ ಸಲೀಸಾಗಿ ಉಸಿರಾಡ್ತಿದಾಳಾ?"

ಇಲ್ಲ ಎಂದೆ. ನೆತ್ತಿ ದಾಟಿದ ಮೇಲೆ ಹೋದಳು ಎಂದೆ. ಮೆತ್ತಗೆ ಹೇಳುವ ವಿದ್ಯೆ ನನಗೆ ಬರುವುದಿಲ್ಲ.

ಅವನು ಕಲ್ಲನ್ನು ಕೆಳಗೆ ಹಾಕಲಿಲ್ಲ. ಗೋಡೆಯ ತನಕ ನಡೆದು, ಅದು ಕೂರಬೇಕಾದ ಜಾಗ ನೋಡಿ, ಕೂರಿಸಿ, ಅಲ್ಲಾಡುತ್ತದೆಯೇ ಎಂದು ತಳ್ಳಿ ನೋಡಿದ. ಆಮೇಲೆ ಅಲ್ಲೇ ಕುಸಿದ. ಊರಿನವರು ಒಬ್ಬೊಬ್ಬರಾಗಿ ಟೋಪಿ ತೆಗೆದರು. ಸೆವೆರೊ ನನ್ನ ಹತ್ತಿರ ಬರಲಿಲ್ಲ, ನಾನೂ ಹೋಗಲಿಲ್ಲ. ಇಲಾರಿಯಾ ಮುದುಕಿಗೆ ಸುದ್ದಿ ಮುಟ್ಟಿಸಿದವರು ಯಾರೋ ಗೊತ್ತಿಲ್ಲ. ಹಾಗಾದ್ರೆ ನಿಜವೇ ಆಗಿತ್ತಾ ಎಂದಷ್ಟೇ ಕೇಳಿದಳಂತೆ.

ಹೊಳೆಗೆ ಗಣಿಯ ನೀರು ಈಗಲೂ ಇಳಿಯುತ್ತಿದೆ. ಬಂದ್ ಆಗಾಗ ಆಗುತ್ತದೆ. ಒಂದು ಮಾತ್ರ ಬದಲಾಗಿದೆ. ರಸ್ತೆಯುದ್ದದ ಊರುಗಳೆಲ್ಲ ಕೂಡಿ ಹೊಸ ಕಟ್ಟಳೆ ಮಾಡಿವೆ. ರೋಗಿ ಎಂದರೆ ಯಾರೂ ಬಾಯಿ ತೆರೆಸಿ ನೋಡುವುದಿಲ್ಲ, ಯಾರಿಗೂ ಹೇಳಿಕಳಿಸುವುದಿಲ್ಲ. ತಕ್ಷಣ ಬಿಡುತ್ತಾರೆ. ಜೊತೆಯವರು ನಿಂತು ಕಲ್ಲು ಹೊರಬೇಕು, ಅಷ್ಟೇ.

ಅಗೋ, ಆ ತಿರುವಿನಾಚೆ ಹೊಗೆ ಕಾಣುತ್ತಿದೆಯಲ್ಲ, ಅದೇ ತಡೆ. ನಿಮ್ಮ ಮೂವರಲ್ಲಿ ಕಾಯಿಲೆ ಯಾರಿಗೆ ಎಂದು ಈಗಲೇ ತೀರ್ಮಾನ ಮಾಡಿಕೊಳ್ಳಿ.

ಮಿಕ್ಕವರು ಕೈಗೆ ಬಟ್ಟೆ ಸುತ್ತಿಕೊಳ್ಳಿ. ನಮ್ಮ ಕಲ್ಲುಗಳು ಒರಟು.